ಟಿ20 ಲೇಖನ: ಆಟದ ಟ್ಯಾಂಕೇ ಬೇರೆ, 1943ರ ಟ್ಯಾಂಕೇ ಬೇರೆ

ಪ್ರಿಯ ಲೇಖಕರೇ,

‘ವರ್ಲ್ಡ್ ಆಫ್ ಟ್ಯಾಂಕ್ಸ್’ ಕಂಪ್ಯೂಟರ್ ಆಟದಲ್ಲಿ ಬರುವ, ಎರಡನೇ ಮಹಾಯುದ್ಧ ಕಾಲದ ಅಮೆರಿಕದ ಪ್ರಾಯೋಗಿಕ ಟ್ಯಾಂಕ್ ಟಿ20 ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಆಗದು. ಆದರೆ ಕೈಬಿಡುವ ಬರಹವೂ ಅಲ್ಲ, ತಿದ್ದಿ ಕಳಿಸಿ.

ದೊಡ್ಡ ತಪ್ಪು ಎರಡನೇ ಪ್ಯಾರಾದಲ್ಲಿದೆ. ‘90 ಎಂಎಂ ಗನ್ನಿನ ಟಿ20 ಸಿದ್ಧವಿದ್ದರೂ ಸೇನೆಗೆ ಕೊಡಲಿಲ್ಲ’ ಎಂದಿದ್ದೀರಿ. ಟಿ20ಗೆ 90 ಎಂಎಂ ಸಿಗುವುದು ಆಟದಲ್ಲಿ ಮಾತ್ರ. ನಿಜವಾದ ಟಿ20ಯದು 76 ಎಂಎಂ. 90 ಎಂಎಂ ಬಂದದ್ದು ಆಮೇಲಿನ ಟಿ25, ಟಿ26ಗಳಿಗೆ. ಟಿ26ಇ3 ಮುಂದೆ ಎಂ26 ಪರ್ಶಿಂಗ್ ಆಯಿತು.

‘ಗಿಡ್ಡ ಟ್ಯಾಂಕ್, ಅಡಗಲು ಸುಲಭ’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ! ಆಗಿನ ಅಮೆರಿಕದ ಮುಖ್ಯ ಟ್ಯಾಂಕ್ ಶೆರ್ಮನ್‌ನಲ್ಲಿ ಎಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ. ಎರಡನ್ನೂ ಜೋಡಿಸುವ ಶಾಫ್ಟ್ ಟರೆಟ್‌ನ (ಗನ್ ಹೊತ್ತು ತಿರುಗುವ ಗೋಪುರದ) ಅಡಿಯಲ್ಲಿ ಹಾಯುವುದರಿಂದ ಒಡಲು ಎತ್ತರವಾಯಿತು. ಟಿ20ಯಲ್ಲಿ ಫೋರ್ಡ್ ವಿ8 ಎಂಜಿನ್ನಿನ ಜೊತೆಗೆ ಟಾರ್ಕ್‌ಮ್ಯಾಟಿಕ್ ಎಂಬ ಟ್ರಾನ್ಸ್‌ಮಿಷನ್ನನ್ನೂ (ಗೇರ್ ವ್ಯವಸ್ಥೆಯನ್ನೂ) ಹಿಂದಕ್ಕೇ ಒಯ್ದರು. ಶಾಫ್ಟ್ ಹೋಯಿತು, ಒಡಲು ತಗ್ಗಿತು. ಆದರೆ ಆ ಟ್ರಾನ್ಸ್‌ಮಿಷನ್ನಿನಲ್ಲಿ ಎಣ್ಣೆ ಸೋರುತ್ತಿತ್ತು, ಬಿಸಿ ಏರುತ್ತಿತ್ತು. ಅದೇ ಸರಣಿಯ ಟಿ22ಕ್ಕೆ ಶೆರ್ಮನ್ನಿನ ಗೇರ್‌ಬಾಕ್ಸನ್ನೇ ಹಾಕಿ ನೋಡಿದರು, ಟಿ23ಕ್ಕೆ ವಿದ್ಯುತ್ ಚಾಲನೆ ಕೊಟ್ಟರು. ಟಿ23ಗಳು 250 ತಯಾರಾದರೂ ರಣರಂಗಕ್ಕೆ ಹೋಗಲಿಲ್ಲ. ಅದರ ಟರೆಟ್ ವಿನ್ಯಾಸ 76 ಎಂಎಂ ಶೆರ್ಮನ್‌ಗಳ ಮೇಲೇರಿ ಯುರೋಪಿನಲ್ಲಿ ಹೋರಾಡಿತು. ‘ಅಧಿಕಾರಿಗಳ ಕುತಂತ್ರ’ದ ಪ್ಯಾರಾ ತೆಗೆದು ಇದನ್ನು ಬರೆಯಿರಿ. ಓದುಗರಿಗೆ ಇದೇ ಹೆಚ್ಚು ಹಿಡಿಸುತ್ತದೆ.

ಕವಚದ ಲೆಕ್ಕವೂ ತಪ್ಪಿದೆ. ಪ್ಲೇಟ್ ವಾಲಿದಷ್ಟೂ ನೇರ ಬರುವ ಗುಂಡು ಭೇದಿಸಬೇಕಾದ ದಪ್ಪ ಹೆಚ್ಚುತ್ತದೆ. ಹೋಲಿಕೆಗೆ ನೀವು ಆರಿಸಿದ, ಕೊನೆಯ ಶೆರ್ಮನ್‌ಗಳ 63.5 ಎಂಎಂ ಮುಂಬದಿ ಪ್ಲೇಟ್ 47 ಡಿಗ್ರಿ ವಾಲಿದೆ ನಿಜ, ಆದರೆ ಆ ಕೋನ ಲಂಬದಿಂದ ಅಳೆದದ್ದು. ನೀವು ನೆಲದಿಂದ ಎಂದುಕೊಂಡಿದ್ದರಿಂದ 87 ಎಂಎಂ ಬಂತು. 63.5ನ್ನು 47 ಡಿಗ್ರಿಯ ಕೊಸೈನ್‌ನಿಂದ, ಅಂದರೆ 0.68ರಿಂದ, ಭಾಗಿಸಿ: 93 ಎಂಎಂ. ದಿಬ್ಬ ಏರುವಾಗ ಮೂತಿ 10 ಡಿಗ್ರಿ ಮೇಲೆದ್ದರೆ ಕೋನ 57, ಕವಚ ಸುಮಾರು 117 ಎಂಎಂ. ಆದರೆ ಆಗ ಎದುರಿನ ಸಮಮಟ್ಟದ ಗುರಿಗೆ ಗುಂಡು ಹೊಡೆಯಲು ಗನ್ ಕೂಡ ಅಷ್ಟೇ ಡಿಗ್ರಿ ಕೆಳಗೆ ಬಾಗಬೇಕು. ಗನ್ ಹಾಗೆ ಬಾಗಬಲ್ಲ ಅಮೆರಿಕನ್ ಮೀಡಿಯಂ (ಮಧ್ಯಮ ತೂಕದ) ಟ್ಯಾಂಕ್‌ಗಳನ್ನು ಆಟಗಾರರು ದಿಬ್ಬಕ್ಕೆ ಒಯ್ಯುವುದು ಯಾಕೆಂಬುದು ಈ ಲೆಕ್ಕದಿಂದ ತಾನಾಗಿ ತಿಳಿಯುತ್ತದೆ.

ಗುಂಡು ಹೊಡೆದು, ರೀಲೋಡ್ ಆಗುವಷ್ಟರಲ್ಲಿ ದಿಬ್ಬದ ಹಿಂದೆ ಸರಿಯುವ ಕ್ರಮವನ್ನು ಸೊಗಸಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ. ಕವಚದ ಲೆಕ್ಕ ಮುಗಿದ ಕೂಡಲೇ ಅದು ಬರಲಿ. ಆಟದ ಅಂಕಿಗಳ ಪಕ್ಕದಲ್ಲಿ ಅವು ಯಾವ ಅಪ್‌ಡೇಟ್‌ನವು ಎಂದು ನಮೂದಿಸಿ. ಅವು ಬದಲಾಗುತ್ತಲೇ ಇರುತ್ತವೆ.

— ಸಂಪಾದಕ