ಒಂದನ್ನೇ ಹಿಡಿಯಬೇಕಾ?

ಡಿಗ್ರಿ ಎರಡನೇ ವರ್ಷ, ತಬಲಾ, ಫೋಟೋ, ಕೋಡಿಂಗ್, ಹಳೇ ಕೋಟೆಗಳ ಹುಚ್ಚು ಎಲ್ಲವೂ ಇದೆ, ಕಾಕಾ ಮಾತ್ರ "ಒಂದನ್ನೇ ಹಿಡಿ" ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಯಾವುದನ್ನೂ ಬಿಡಬೇಡಿ. ಆದರೆ ಒಂದರಲ್ಲಿ ಕೈ ಕೂರಲೇಬೇಕು.

ಬೀದರಿನಲ್ಲೇ ಇದ್ದೀರಲ್ವಾ, ಒಂದು ದಿನ ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸ ನಡೆಯುವ ಕಡೆ ಸುಮ್ನೆ ಕೂತು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದೇ ಒಂದು ಕೆಲಸ. ಮೈಲುತುತ್ತದ ನೀರು ಹಚ್ಚಿ, ಗೆರೆ ಕಾಣಲೆಂದು ಸದ್ಯಕ್ಕೆ ಕಪ್ಪಾಗಿಸಿದ ಮೈ ಮೇಲೆ ಉಳಿಯಿಂದ ಹೂಬಳ್ಳಿ ಕೊರೆಯುವುದು ಇನ್ನೊಂದು. ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುವುದು ಮತ್ತೊಂದು. ಕೊನೆಗೆ ಬಿಸಿ ಮಾಡಿ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿ ಹಚ್ಚಿದರೆ ಸತು ಖಾಯಂ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ನಾನು ನೋಡಿದ ಒಬ್ಬ ಉಸ್ತಾದರ ಕೈ ಕೊರೆಯುವುದರಲ್ಲಿ ಪಳಗಿದ್ದು. ಆದರೂ ಎರಕದಲ್ಲಿ ತಪ್ಪಿದ್ದರೆ ಬೆರಳಿಂದ ಸವರಿಯೇ ಹೇಳುತ್ತಿದ್ದರು, ಯಾಕಂದ್ರೆ ಹುಡುಗರಾಗಿದ್ದಾಗ ಎಲ್ಲ ಕೆಲಸಕ್ಕೂ ಕೂತು ಬಂದವರು. ಗೆರೆಯ ಆಳ ಕಡಿಮೆಯಾದರೆ ತಂತಿ ನಿಲ್ಲುವುದಿಲ್ಲ ಅನ್ನೋದು ಬಡಿದು ನೋಡಿದವರಿಗೇ ಚೆನ್ನಾಗಿ ಗೊತ್ತು.

ಯಾವುದನ್ನು ಆರಿಸಬೇಕು ಅಂದ್ರೆ, ಬೇಜಾರಾದ ದಿನವೂ ಕೈ ತಾನಾಗಿ ಯಾವುದರ ಕಡೆ ಹೋಗುತ್ತದೋ ನೋಡಿ. ಅದಕ್ಕೆ ಎರಡು ವರ್ಷ, ದಿನಾ ಎರಡು ಗಂಟೆ ಕೊಡಿ. ಕೋಡಿಂಗ್ ಆದರೆ ಹೊಟ್ಟೆಪಾಡಿಗೂ ಆಗುತ್ತದೆ, ಕಾಕಾಗೂ ಸಮಾಧಾನ. ತಬಲಾ ಸಂಜೆಗೆ ಇರಲಿ. ಫೋಟೋ, ಕೋಟೆ ಭಾನುವಾರಕ್ಕೆ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾಕ್ಕೆ ಬೆಳಿಗ್ಗೆಯೇ ಹೋಗಿ, ಉಳಿದಿರುವ ಆ ಒಂದು ಮಿನಾರಿನ ಬಣ್ಣದ ಹೆಂಚಿನ ಮೇಲೆ ಎಳೆಬಿಸಿಲು ಬೀಳುವಾಗ.