ಅನ್ನ ಬಿಟ್ಟು ಎರಡು ಮುದ್ದೆ ತಿನ್ನುತ್ತಿದ್ದರೂ ತೂಕ ಇಳಿಯುತ್ತಿಲ್ಲ ಎಂದು ಕೇಳಿದ ಅಕ್ಕನಿಗೆ

ಅಕ್ಕ, ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಎರಡು ಮುದ್ದೆ, ಸಂಜೆ ಬಾಳೆಹಣ್ಣು, ರಾತ್ರಿ ನವಣೆ ಅನ್ನ, ಇಷ್ಟಾದರೂ ತೂಕ ಕದಲಿಲ್ಲ, ಫಾಸ್ಟಿಂಗ್ (ಬೆಳಗಿನ ಬರಿಹೊಟ್ಟೆಯ ರಕ್ತದ ಸಕ್ಕರೆ) 118ರಲ್ಲೇ ನಿಂತಿದೆ ಎಂದು ನಮ್ಮ ಈ ಗುಂಪಿನಲ್ಲಿ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಯ ಸಾಲಿನಲ್ಲಿ ಸೇರಿಸಿರುವ ವಿಷಯ ಓದಿ ನನಗೆ ಎದೆ ಧಸಕ್ಕೆಂದಿತು. ಅತ್ತೆಯವರಿಗೂ ಬೆಳಗಿನ ತಿಂಡಿ ಬಿಡಿಸಿದ್ದೀರಿ, ಅವರು ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯನ್ನು ಎಂದಿನಂತೆ ನುಂಗುತ್ತಿದ್ದಾರೆ, ಹನ್ನೊಂದರ ಹೊತ್ತಿಗೆ ಮೈ ಬೆವರುತ್ತದೆ, ಕೈ ನಡುಗುತ್ತದೆ. ನಿಮ್ಮ ಬರಹದ ಕೆಳಗೆ ಒಬ್ಬರು, ದೇಹ ಕೊಬ್ಬು ಕರಗಿಸಲು ಒಗ್ಗಿಕೊಳ್ಳುತ್ತಿದೆ, ಹೆದರಬೇಡಿ ಎಂದು ಧೈರ್ಯ ಹೇಳಿದ್ದಾರೆ. ಕಾಣದ ರೋಗಿಗೆ ಹೀಗೆ ಧೈರ್ಯ ಹೇಳುವುದು ತಪ್ಪು. ನೀವು ಬರೆದಿರುವುದೆಲ್ಲ ಸಕ್ಕರೆ ಕುಸಿಯುವಾಗ ಕಾಣುವ ಲಕ್ಷಣ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮುಂತಾದ ಮಾತ್ರೆಗಳು ಊಟ ಇರಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಊಟದಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆಯ ಅಂಶ) ಕಡಿಮೆ ಮಾಡುವ ಮೊದಲೇ ವೈದ್ಯರು ಈ ಮಾತ್ರೆಯ ಪ್ರಮಾಣವನ್ನು ಸರಿಪಡಿಸಬೇಕು. ಅಲ್ಲಿಯವರೆಗೆ ಅತ್ತೆಯವರಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಕೊಡಿ. ನಡುಕ ಬಂದಾಗ ಸಕ್ಕರೆ ನೋಡುವ ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಮೊದಲು ಸಕ್ಕರೆ ನೀರು. ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ, ಒಮ್ಮೆ ಏರಿದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಕುಸಿಯಬಹುದು. ಮಾತ್ರೆಯ ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದ್ದರಂತೂ ಕಟ್ಟುನಿಟ್ಟಿನ ಕೀಟೊ (ಕಾರ್ಬ್ ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಊಟ), ಉಪವಾಸ ಎರಡೂ ಬೇಡ. ಆ ಮಾತ್ರೆ ನುಂಗುವವರಿಗೆ ರಕ್ತದ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲವಾಗುವ ತುರ್ತು ಸ್ಥಿತಿ ಬರಬಹುದು.

ಈಗ ನಿಮ್ಮ ಮುದ್ದೆ. ನಮ್ಮ ಮನೆಯಲ್ಲೂ ಇದೇ ದಾರಿ ಹಿಡಿದು ಬಹಳ ಕಾಲ ಕಳೆದುಕೊಂಡಿದ್ದೇವೆ, ಆದ್ದರಿಂದ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ರಾಗಿ ಒಳ್ಳೆಯ ಧಾನ್ಯ. ಸುಣ್ಣದ ಅಂಶದಲ್ಲಿ ಅದಕ್ಕೆ ಸಾಟಿಯಾದ ಧಾನ್ಯ ನಮ್ಮಲ್ಲಿಲ್ಲ, ನಾರೂ ಹೆಚ್ಚು. ಆದರೆ ಅದು ಕಡಿಮೆ ಕಾರ್ಬ್ ಆಹಾರವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ಅಕ್ಕಿಗೆ ಸುಮಾರು 78 ಗ್ರಾಂ ಕಾರ್ಬ್ ಇದ್ದರೆ, ರಾಗಿಗೆ ಸುಮಾರು 67. ನಮ್ಮ ಕಡೆಯ ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ. ಎರಡು ಮುದ್ದೆಗೆ 134 ಗ್ರಾಂ ಆಯಿತು. ಕಡಿಮೆ ಕಾರ್ಬ್ ಎನ್ನಲು ಇಡೀ ದಿನಕ್ಕೆ 130 ಗ್ರಾಂ ಒಳಗಿರಬೇಕು. ನೀವು ಅದನ್ನು ಮಧ್ಯಾಹ್ನಕ್ಕೇ ದಾಟಿದ್ದೀರಿ. ಅಂಬಲಿ, ನವಣೆ, ಸಂಜೆಯ ಬಾಳೆಹಣ್ಣು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಂಬಲಿಯಂತೂ ನುಣ್ಣನೆಯ ಹಿಟ್ಟನ್ನು ಚೆನ್ನಾಗಿ ಬೇಯಿಸಿ ಕುಡಿಯುವುದು, ಸಕ್ಕರೆ ಬೇಗ ಏರುತ್ತದೆ. ಸೋಸಿದ ರಾಗಿ ಹಾಲಿನಲ್ಲಿ ನಾರೂ ಉಳಿಯುವುದಿಲ್ಲ.

ನನಗೆ ಕೆಲಸ ಮಾಡಿದ್ದು ಇದು. ಮುದ್ದೆಯನ್ನು ತೂಗಬೇಡಿ, ಹಿಟ್ಟನ್ನು ತೂಗಿ. ನೀರು ದಿನಕ್ಕೊಂದು ಥರ ಬೀಳುವುದರಿಂದ ಬೆಂದ ಮುದ್ದೆಯ ತೂಕದಿಂದ ಏನೂ ತಿಳಿಯುವುದಿಲ್ಲ. 40 ಗ್ರಾಂ ಹಿಟ್ಟಿನಿಂದ ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆಯಾಗುತ್ತದೆ, ಅದರಲ್ಲಿ 27 ಗ್ರಾಂ ಕಾರ್ಬ್. ತಟ್ಟೆಗೆ ಮೊದಲು ಸೊಪ್ಪಿನ ಪಲ್ಯ, ಜೊತೆಗೆ ಮೊಟ್ಟೆ ಅಥವಾ ಪನೀರ್ ಅಥವಾ ಮೀನು ಹಾಕಿಕೊಳ್ಳಿ. ಅದನ್ನು ಮುಗಿಸಿದ ಮೇಲೆಯೇ ಮುದ್ದೆಗೆ ಕೈ ಹಾಕಿ. ಊಟಕ್ಕೆ ಮೊದಲು ಒಂದು ರೀಡಿಂಗ್, ಊಟ ಆರಂಭಿಸಿದ ಎರಡು ಗಂಟೆಗೆ ಇನ್ನೊಂದು. ಇನ್ನೊಂದು ದಿನ ಅದೇ ಸಾರು, ಅದೇ ಪಲ್ಯ ಇಟ್ಟುಕೊಂಡು ಮುದ್ದೆಯನ್ನು ಮೊದಲು ತಿಂದು ನೋಡಿ. ಎರಡನ್ನೂ ಪಕ್ಕಪಕ್ಕ ಬರೆದರೆ ನಿಮ್ಮ ದೇಹ ಯಾವುದಕ್ಕೆ ಎಷ್ಟು ಏರುತ್ತದೆ ಎಂಬುದು ತಿಳಿಯುತ್ತದೆ. ನನ್ನ ಮೀಟರ್ ಪೂರ್ತಿ ಮುದ್ದೆಗೆ 190 ದಾಟುತ್ತಿತ್ತು. ಚಿಕ್ಕ ಮುದ್ದೆಯನ್ನು ಕೊನೆಯಲ್ಲಿ ತಿಂದಾಗ 140ರ ಆಸುಪಾಸಿನಲ್ಲಿ ನಿಂತಿತು. ನಿಮ್ಮದು ಬೇರೆ ಇರಬಹುದು, ನನ್ನ ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಮನೆಯ ಮೀಟರಿಗೆ ಶೇ. 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, 118 ಮತ್ತು 124ರ ನಡುವಿನ ವ್ಯತ್ಯಾಸಕ್ಕೆ ನಿದ್ದೆಗೆಡಬೇಡಿ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ, ಹಣ್ಣು ಮುಟ್ಟಿದ ಬೆರಳು ಸುಳ್ಳು ಹೇಳುತ್ತದೆ. ಅಕ್ಯು-ಚೆಕ್ ಒಳ್ಳೆಯದೋ ಒನ್‌ಟಚ್ ಒಳ್ಳೆಯದೋ ಎಂಬ ಜಗಳ ಇಲ್ಲಿ ಆಗಾಗ ನಡೆಯುತ್ತದೆ. ನಿಮ್ಮೂರಿನ ಮೆಡಿಕಲ್ ಅಂಗಡಿಯಲ್ಲಿ ಯಾವುದರ ಸ್ಟ್ರಿಪ್ ಯಾವಾಗಲೂ ಸಿಗುತ್ತದೋ ಅದನ್ನು ಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಎನ್ನಬಹುದು. ತಿಳಿಸಾರಿನ ಬೇಳೆಯನ್ನು ನಂಬಿ ಕೂರಬೇಡಿ. 60 ಕಿಲೋ ತೂಕದವರಿಗೆ ದಿನಕ್ಕೆ 60 ಗ್ರಾಂ ಆದರೂ ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರಿಗೆ ಸುಮಾರು 18, 30 ಗ್ರಾಂ ಒಣ ಸೋಯಾ ಚಂಕ್ಸ್‌ಗೆ ಸುಮಾರು 15. ಹುರುಳಿ, ಕಡಲೆ, ಅಲಸಂದೆ ಕಾಳುಗಳು ಒಳ್ಳೆಯವೇ, ಆದರೆ ಒಣಕಾಳಿನ ತೂಕದಲ್ಲಿ ಅರ್ಧದಷ್ಟು ಕಾರ್ಬ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನನಗೆ ನಂದಿನಿ ಪನೀರ್, ಗಟ್ಟಿ ಮೊಸರು ಸಾಕು, ದುಬಾರಿ ಪುಡಿ ಡಬ್ಬಿಗಳ ಅಗತ್ಯ ಬಿದ್ದಿಲ್ಲ. ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸದೆ ಪ್ರೋಟೀನ್ ಏರಿಸಬೇಡಿ, ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ.

ಮಧುಮೇಹಿಗಳಿಗೆಂದೇ ಮಾರುವ ಹಿಟ್ಟು, ಮಲ್ಟಿಗ್ರೇನ್ ಬಿಸ್ಕತ್ತು, ಸಕ್ಕರೆರಹಿತ ರಸ್ಕ್, ಇವನ್ನೆಲ್ಲ ಮನೆಗೆ ತರಬೇಡಿ. ಪೊಟ್ಟಣದ ಮುಂಭಾಗದಲ್ಲಿರುವ ಚಿತ್ರವನ್ನು ನೋಡದೆ ಹಿಂಭಾಗದಲ್ಲಿ ಒಟ್ಟು ಕಾರ್ಬೋಹೈಡ್ರೇಟ್ ಎಂದಿರುವ ಸಾಲನ್ನು ಓದಿ. ಮೈದಾ, ಗೋಧಿ, ಓಟ್ಸ್ ಬೆರೆತರೂ ಅದು ಹಿಟ್ಟೇ.

ಇನ್ನು ಕೊಬ್ಬಿನ ವಿಷಯ. ಕಾರ್ಬ್ ಬಿಟ್ಟರೆ ತುಪ್ಪ, ಬೆಣ್ಣೆ, ಗೋಡಂಬಿ ಎಷ್ಟು ಬೇಕಾದರೂ ತಿನ್ನಬಹುದು ಎಂದು ಇಲ್ಲಿ ಬರೆಯುವವರನ್ನು ನಾನು ಒಪ್ಪುವುದಿಲ್ಲ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ ಇದೆ, ಟಿವಿ ನೋಡುತ್ತಾ ಅಷ್ಟು ಸುಲಭವಾಗಿ ಖಾಲಿಯಾಗುತ್ತದೆ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಸಂಗಡಿಗರು ನಡೆಸಿದ ಡೈರೆಕ್ಟ್ ಅಧ್ಯಯನದಲ್ಲಿ, ಮಧುಮೇಹ ಬಂದು ಆರು ವರ್ಷ ದಾಟದವರಲ್ಲಿ 15 ಕಿಲೋ ಅಥವಾ ಹೆಚ್ಚು ಇಳಿಸಿದವರ ಪೈಕಿ ಶೇ. 86 ಮಂದಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಅಲ್ಲಿ ಕೊಟ್ಟಿದ್ದು ಕೀಟೊ ಊಟವಲ್ಲ, ಅತಿ ಕಡಿಮೆ ಕ್ಯಾಲೊರಿಯ ಪಾನೀಯ. ಸಕ್ಕರೆ ಹತೋಟಿಗೆ ಬರಲು ಯಕೃತ್ತಿನ ಕೊಬ್ಬು ಇಳಿಯಬೇಕು, ಕಾರ್ಬ್ ಕಡಿತ ಅದಕ್ಕೊಂದು ದಾರಿ ಅಷ್ಟೇ. ಕೆಲವರಿಗೆ ಕಡಿಮೆ ಕಾರ್ಬ್ ಊಟದಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರುತ್ತದೆ, ಮೂರು ತಿಂಗಳಿಗೆ ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಮಾಡಿಸಿ. ತಕ್ಕಡಿಯ ಜೊತೆ ಸೊಂಟಕ್ಕೆ ಟೇಪನ್ನೂ ಹಿಡಿಯಿರಿ, ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು.

ಫಾಸ್ಟಿಂಗ್ ಬಹಳ ಮಂದಿಯಲ್ಲಿ ಕೊನೆಗೆ ಇಳಿಯುತ್ತದೆ. ಬೆಳಗಿನ ಜಾವ ಯಕೃತ್ತು ತಾನೇ ಸಕ್ಕರೆ ಬಿಡುತ್ತದೆ. ಊಟದ ನಂತರದ ಅಂಕಿ ಇಳಿಯುತ್ತಿದ್ದರೆ ದಾರಿ ಸರಿ ಇದೆ ಎಂದು ತಿಳಿಯಿರಿ. ಊಟವಾದ ಕೂಡಲೇ ಹದಿನೈದು ನಿಮಿಷ ಓಡಾಡಿ, ಮಹಡಿಯಲ್ಲೇ ಆದರೂ ಸರಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ.

ಕಾರ್ಬ್ ಇಳಿಸಿದ ಮೊದಲ ವಾರ ಮೂತ್ರದಲ್ಲಿ ಉಪ್ಪು ಹೆಚ್ಚು ಹೋಗುವುದರಿಂದ ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು ಇರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬಿಪಿ ಮಾತ್ರೆ ನುಂಗುವವರು ಉಪ್ಪು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ, ಎದ್ದು ನಿಂತಾಗ ತಲೆ ತಿರುಗಿದರೆ ಬಿಪಿ ನೋಡಿಸಿ, ಮಾತ್ರೆಯೇ ಹೆಚ್ಚಾಗುತ್ತಿರಬಹುದು. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಸಸ್ಯಾಹಾರಿಗಳು ಪಾದ ಜುಮ್ಮೆನ್ನುವುದನ್ನು ಸಕ್ಕರೆಯ ತಲೆಗೇ ಕಟ್ಟದೆ ಒಮ್ಮೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ.