ದೂರ ಹೆಚ್ಚು, ಹೊತ್ತು ಕಡಿಮೆ

ಪ್ರಶ್ನೆ: ಮಗಳ ಮನೆಗೆಂದು ನಾವಿಬ್ಬರೂ ಜನವರಿಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ದೆಹಲಿಗೆ ಹೋಗಿ, ಅಲ್ಲಿಂದ ನೇರ ವಿಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇವೆ. ದೆಹಲಿಯಿಂದ ಅಲ್ಲಿಗೆ 12,400 ಕಿ.ಮೀ. ಎನ್ನುತ್ತಾರೆ. ಗಂಟೆಗೆ 900 ಕಿ.ಮೀ. ವೇಗವಾದರೆ ಹದಿನಾಲ್ಕು ಗಂಟೆಯೊಳಗೆ ಮುಟ್ಟಬೇಕಲ್ಲವೇ? ಟಿಕೆಟ್‌ನಲ್ಲಿ 16 ಗಂಟೆ ಎಂದಿದೆ. ಅದರಲ್ಲೇ, ನಸುಕಿನ 4ಕ್ಕೆ ಹೊರಟು ಅದೇ ದಿನ ಬೆಳಿಗ್ಗೆ 6:30ಕ್ಕೆ ಇಳಿಯುವುದಾಗಿಯೂ ಅಚ್ಚಾಗಿದೆ. ಯಾವ ಲೆಕ್ಕವನ್ನು ನಂಬಬೇಕು?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಮೂರೂ ಲೆಕ್ಕ ಸರಿಯೇ ಇವೆ, ಆದರೆ ಮೂರೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ.

12,400 ಕಿ.ಮೀ. ಎನ್ನುವುದು ಭೂಗೋಳದ ಮೈಮೇಲಿನ ಅತಿ ಹತ್ತಿರದ ದಾರಿ. ಶಾಲೆಯ ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ: ಅದು ಗೋಡೆಯ ನಕಾಶೆಯಲ್ಲಿ ತೋರುವಂತೆ ಯುರೋಪಿನ ಕಡೆಗೆ ಹೊರಳದೆ, ಹಿಮಾಲಯ ದಾಟಿ, ಸೈಬೀರಿಯಾದ ಮೇಲೆ ಸಾಗಿ, ಆರ್ಕ್ಟಿಕ್ ಸಾಗರದ ಅಂಚಿನಿಂದ ಅಲಾಸ್ಕಾಕ್ಕೆ ಇಳಿಯುತ್ತದೆ. ಆದರೆ ವಿಮಾನಕ್ಕೆ ಈ ದಾರದ ಗುಂಟ ಹೋಗುವುದು ಸುಲಭವಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಅದು ಸುಮಾರು 3,000 ಮೀಟರಿಗೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿದೆ. ದೇಶಗಳ ವಾಯುಪ್ರದೇಶದ ನಿರ್ಬಂಧಗಳು ಬೇರೆ.

ಇದಕ್ಕಿಂತ ಸ್ವಾರಸ್ಯದ್ದು ಗಾಳಿಯ ಪಾತ್ರ. ನೀವು ಹಿಡಿದ 900 ಕಿ.ಮೀ. ವೇಗ ಸುತ್ತಲಿನ ಗಾಳಿಗೆ ಹೋಲಿಸಿದ ವೇಗವೇ ಹೊರತು ನೆಲಕ್ಕೆ ಹೋಲಿಸಿದ್ದಲ್ಲ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಂತೂ ಅದರ ಅಬ್ಬರ ಜಾಸ್ತಿ. ತುಂಬಿದ ಕೃಷ್ಣೆಯಲ್ಲಿ ಸೆಳವಿನ ಜೊತೆ ಈಜುವವನಿಗೂ ಎದುರು ಈಜುವವನಿಗೂ ಇರುವ ಅಂತರವೇ ಇಲ್ಲಿಯೂ. ಇದೇ ಮಾರ್ಗದಲ್ಲಿ 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಅಟ್ಲಾಂಟಿಕ್ ಕಡೆಯ ಸುಮಾರು 13,900 ಕಿ.ಮೀ. ದಾರಿಯನ್ನು ಬಿಟ್ಟು, ಪೆಸಿಫಿಕ್ ಮೇಲಿನ 15,300 ಕಿ.ಮೀ. ದಾರಿಯನ್ನು ಹಿಡಿಯಿತು. ಸುತ್ತಿನ ದಾರಿಯಾದರೂ ಬೆನ್ನಗಾಳಿಯ ಬಲದಿಂದ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಅಂದರೆ ಮೊದಲಿಗಿಂತ ಹತ್ತಿರಹತ್ತಿರ ಎರಡು ಗಂಟೆ ಬೇಗ. ಭಾಗಿಸಿ ನೋಡಿದರೆ ಗಂಟೆಗೆ ಸರಾಸರಿ 1,055 ಕಿ.ಮೀ. ಬರುತ್ತದೆ! ದಾರಿಯನ್ನು ಆಯಾ ದಿನದ ಗಾಳಿ ನೋಡಿಯೇ ಗೊತ್ತುಮಾಡುವುದರಿಂದ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಟಿಕೆಟ್ಟಿನ 16 ಗಂಟೆಯಲ್ಲಿ ವಿಮಾನ ನೆಲದ ಮೇಲೆ ಉರುಳಾಡುವ ಹೊತ್ತೂ ಸೇರಿರುತ್ತದೆ.

ಇನ್ನು ಆ ಎರಡೂವರೆ ಗಂಟೆಯ ಪವಾಡ. ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ 13:30 ಗಂಟೆ ಹಿಂದಿರುತ್ತದೆ. ನೀವು ಇಳಿಯುವಾಗ ವಿಜಯಪುರದಲ್ಲಿ ರಾತ್ರಿ 8 ಆಗಿರುತ್ತದೆ. ಅಲ್ಲಿ ಆಗಷ್ಟೇ ಬೆಳಿಗ್ಗೆ 6:30. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ 12:30ಕ್ಕೆ ಇಳಿಯುತ್ತದೆ. ಮರಳುವ ಟಿಕೆಟ್ ಏಪ್ರಿಲ್ ಅಥವಾ ಮೇ ತಿಂಗಳಿನದಾಗಿದ್ದರೆ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.